ದುಬೈ ಹತ್ತಿರ, ತೀರ್ಥಹಳ್ಳಿ ದೂರ

ತಂಗಿ ದುಬೈಯಿಂದ ಹೊರಟಿದ್ದಾಳೆ. ಬೆಂಗಳೂರಿಗೆ ಸುಮಾರು 2,700 ಕಿ.ಮೀ., ಮೂರೂವರೆ ಗಂಟೆ ಹಾರಾಟ. ಅಲ್ಲಿಂದ ತೀರ್ಥಹಳ್ಳಿಗೆ ರಾತ್ರಿಯಿಡೀ ಬಸ್ಸು! ಶಿವಮೊಗ್ಗದ ಹತ್ತಿರದ ಸೋಗಾನೆಗೆ 2023ರಿಂದ ವಿಮಾನ ಬರುತ್ತದೆ, ನಿಜ. ಇವಳು ಇಳಿಯುವ ಹೊತ್ತಿಗೆ ಹೊಂದಬೇಕಲ್ಲ.

ಇನ್ನೊಂದು ಮಜಾ ಇದೆ. ಬೆಂಗಳೂರಿಂದ ದುಬೈಗೆ ಹೋಗುವಾಗ ಅದೇ ದಾರಿಗೆ ವಿಮಾನಕ್ಕೆ ನಾಲ್ಕು ಗಂಟೆ ಬೇಕು. ಚಳಿಗಾಲದಲ್ಲಿ ಅಷ್ಟು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ. ಬರುವಾಗ ಹಿಂದಿನಿಂದ ದೂಡುತ್ತದೆ, ಹೋಗುವಾಗ ಎದುರಾಗುತ್ತದೆ. ಟಿಕೆಟ್ ನೋಡಿದರೆ ಮಾತ್ರ ಉಲ್ಟಾ. ಅಲ್ಲಿನ ಗಡಿಯಾರ ಒಂದೂವರೆ ಗಂಟೆ ಹಿಂದೆ, ಅದಕ್ಕೇ ಹೋಗೋದು ಎರಡೂವರೆ ಗಂಟೆ, ಬರೋದು ಐದು ಗಂಟೆ ಅನ್ನಿಸುತ್ತದೆ!

ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ. ಪೂರ್ತಿ ಕೇಳಿ, "ಸರಿ, ಬೆಳಿಗ್ಗೆ ಕಡುಬು ಮಾಡ್ಲಾ, ನೀರುದೋಸೆ ಸಾಕಾ?" ಅಂದರು.