ಗೇಣಾಳದ ನೀರಿನ ಮೀನುಮರಿಗಳು

ಮಳೆ ಇಳಿಮುಖವಾಗಿ ತುಂಗೆಯ ನೀರು ಕೆಂಪು ಕಳೆದು ತಿಳಿಯಾಗುವ ಸೆಪ್ಟೆಂಬರ್ ಕೊನೆಯ ದಿನಗಳಲ್ಲಿ ಹೊಳೆಯ ನಡುವೆ ನೋಡಬೇಡಿ. ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ನಿಮ್ಮ ನೆರಳು ನೀರಿಗೆ ಬೀಳದ ಹಾಗೆ ನೋಡಿಕೊಂಡು, ಗೇಣಾಳದ ನೀರನ್ನೇ ದಿಟ್ಟಿಸಿ. ಮೊದಲು ಏನೂ ಕಾಣುವುದಿಲ್ಲ. ಒಂದೆರಡು ನಿಮಿಷ ಕಳೆದ ಮೇಲೆ ಮರಳಿನ ಮೇಲೆ ಸಣ್ಣ ನೆರಳುಗಳು ಅಲುಗುತ್ತವೆ. ಪ್ರತಿ ನೆರಳಿನ ಮೇಲೂ ಎರಡು ಕಪ್ಪು ಚುಕ್ಕೆ, ಅವು ಕಣ್ಣು. ಅದರ ಹಿಂದೆ ಬೆಳ್ಳಿಯ ಹಾಗೆ ಹೊಳೆಯುವ ಒಂದು ಗುಳ್ಳೆ, ಅದು ಗಾಳಿಚೀಲ. ಮಿಕ್ಕ ಮೈಯೆಲ್ಲ ಗಾಜಿನಂತೆ ಪಾರದರ್ಶಕ. ಹತ್ತು ಮಿಲಿಮೀಟರಿನ ಮೀನುಮರಿ ಅಂದರೆ ಕಣ್ಣಿಗೆ ಕಾಣುವುದು ಇಷ್ಟೇ.

ಇವು ಅಂಚಿನಲ್ಲೇ ಯಾಕಿವೆ? ಈಜುವ ಶಕ್ತಿ ಮೈಯ ಉದ್ದಕ್ಕೆ ಅಂಟಿಕೊಂಡದ್ದು. ಈ ಗಾತ್ರದ ಮರಿ ದಣಿಯದೆ ಎದುರಿಸಬಲ್ಲ ಸೆಳವು ಸೆಕೆಂಡಿಗೆ ನಾಲ್ಕೈದು ಸೆಂಟಿಮೀಟರ್ ಮಾತ್ರ. ನಡುಹೊಳೆಯಲ್ಲಿ ನೀರು ಅದರ ಹತ್ತು ಪಟ್ಟು ವೇಗದಲ್ಲಿ ಓಡುತ್ತಿರುತ್ತದೆ. ಒಂದು ಜಾಗ ಮರಿಗೆ ತಕ್ಕದ್ದೋ ಅಲ್ಲವೋ ಎಂದು ತಿಳಿಯಲು ಉಪಕರಣ ಬೇಡ. ಒಂದು ಮೀಟರ್ ಅಳೆದು ಒಣ ಎಲೆಯ ಚೂರು ತೇಲಿಬಿಡಿ. ಅಷ್ಟು ದೂರಕ್ಕೆ 20 ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿದರೆ ಅಲ್ಲಿ ಮರಿ ನಿಲ್ಲಬಲ್ಲದು. ಹತ್ತು ಸೆಕೆಂಡಿನಲ್ಲಿ ದಾಟಿದರೆ ಆ ಅಂಚು ಅದಕ್ಕೆ ಆಗಲೇ ಪ್ರವಾಹ.

ಅಂಚಿನ ನೀರು ಬಿಸಿಲಿಗೆ ಬೇಗ ಬೆಚ್ಚಗಾಗುವುದರಿಂದ ಮರಿ ಬೇಗ ಬೆಳೆಯುತ್ತದೆ. ಆಹಾರವೂ ಅಲ್ಲೇ. ಮೊದಲ ದಿನಗಳಲ್ಲಿ ಮರಿಯ ಬಾಯಿ ಅರ್ಧ ಮಿಲಿಮೀಟರಿನಷ್ಟೂ ತೆರೆಯುವುದಿಲ್ಲ. ಬರಿಗಣ್ಣಿಗೆ ಕಾಣದ ಚಕ್ರಜೀವಿಗಳು, ಆಮೇಲೆ ನೀರುಚಿಗಟ, ಆಮೇಲೆ ಕೊಳೆತ ಎಲೆಯ ನಡುವಿನ ಸಣ್ಣ ಹುಳು ಎಂದು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಬೇಕು. ಓಡುವ ನೀರಿನಲ್ಲಿ ಇವು ನಿಲ್ಲುವುದಿಲ್ಲ, ಬೇರು, ಎಲೆಕಸ, ಹಾವಸೆ ಇರುವ ನಿಂತ ನೀರಿನಲ್ಲಿ ಹುಟ್ಟುತ್ತವೆ. ಹೊಟ್ಟೆಯಡಿಯ ಹಳದಿ ಚೀಲ ಕರಗಿದ ಕೆಲವೇ ದಿನಗಳಲ್ಲಿ ತಿನ್ನಲು ಸಿಗದಿದ್ದರೆ ಮರಿ ಎಷ್ಟು ಬಡವಾಗುತ್ತದೆಂದರೆ, ಆಮೇಲೆ ಎದುರಿಗೇ ಆಹಾರ ಬಂದರೂ ಬಾಯಿ ಹಾಕಲಾರದು. ಹೊಳೆಯ ಮೀನಿನ ಬದುಕಿನಲ್ಲಿ ಸಾವು ಅತಿ ಹೆಚ್ಚು ನಡೆಯುವುದು ಈ ಮೊದಲ ವಾರಗಳಲ್ಲೇ. ಹಾಗಾಗಿ ದೊಡ್ಡ ಮೀನನ್ನು ಕಾಯ್ದು ಅಂಚನ್ನು ಕಡೆಗಣಿಸುವ ರಕ್ಷಣೆ ಅರೆಬರೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಎಲ್ಲ ಮೀನೂ ಒಂದೇ ದಾರಿ ಹಿಡಿಯುವುದಿಲ್ಲ. ಕಾಟ್ಲಾ, ರೋಹು ಕೆಜಿಗೆ ಲಕ್ಷದ ಲೆಕ್ಕದಲ್ಲಿ ಮೊಟ್ಟೆಯಿಟ್ಟು ಪ್ರವಾಹಕ್ಕೆ ಬಿಟ್ಟುಬಿಡುತ್ತವೆ, 27–28 ಡಿಗ್ರಿಯಲ್ಲಿ 15–18 ಗಂಟೆಗೆ ಮರಿ ಹೊರಗೆ. ಮಹಶೀರ್ ಇಡುವುದು ಕೆಜಿಗೆ ಕೆಲವೇ ಸಾವಿರ. ಮೊಟ್ಟೆ ದಪ್ಪ, ಹಳದಿ, ತಳಕ್ಕೆ ಕೂರುವಂಥದ್ದು. ಒಡೆಯಲು ಮೂರು ನಾಲ್ಕು ದಿನ ಬೇಕು, ಒಡೆದ ಮೇಲೂ ಮರಿ ದಿನಗಟ್ಟಲೆ ಬೆಳಕಿಗೆ ಹೆದರಿ ಜಲ್ಲಿಕಲ್ಲಿನ ಸಂದಿಯಲ್ಲಿ ಒತ್ತೊತ್ತಾಗಿ ಮಲಗಿರುತ್ತದೆ. ಆ ಸಂದಿಯೊಳಗೆ ನೀರು ಹರಿಯುತ್ತಿದ್ದರೆ ಮಾತ್ರ ಅದಕ್ಕೆ ಉಸಿರು. ಮೇಲೆಲ್ಲೋ ಗುಡ್ಡ ಕೊರೆದ ಮಣ್ಣು ಬಂದು ಸಂದಿ ಮುಚ್ಚಿದರೆ ಮೊಟ್ಟೆ ಇದ್ದಲ್ಲೇ ಉಸಿರುಗಟ್ಟುತ್ತದೆ. ಮೇಲಿನಿಂದ ನೋಡಿದವರಿಗೆ ಹೊಳೆ ಎಂದಿನಂತೆಯೇ ಕಾಣುತ್ತದೆ. ಕೊರವ ಮೀನಿನ ಕಥೆಯೇ ಬೇರೆ. ಕಿತ್ತಳೆ ಬಣ್ಣದ ಮರಿಗಳು ಚೆಂಡಿನಂತೆ ಒಟ್ಟಾಗಿ ಉಸಿರಿಗೆ ಮೇಲೆ ಬರುತ್ತಿದ್ದರೆ ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಆಗ ದೊಡ್ಡದಕ್ಕೆ ಗಾಳ ಹಾಕಿದರೆ ಚೆಂಡು ಪೂರ್ತಿ ಬೇರೆ ಮೀನಿನ ಪಾಲು.

ಮಲೆನಾಡಿನಲ್ಲಿ ಮೃಗಶಿರ, ಆರಿದ್ರಾ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರುವ ಹತ್ತುಮೀನು ಮೊಟ್ಟೆಗೆಂದೇ ಬರುವುದು. ಹೊಸ ನೀರು ನಿಂತ ಗದ್ದೆಯಲ್ಲಿ ಸೆಳವಿಲ್ಲ, ಬೆಚ್ಚಗಿದೆ, ಸಣ್ಣ ಜೀವಿಗಳು ತುಂಬಿವೆ. ಅಂದರೆ ಗದ್ದೆ ಹೊಳೆಯದೇ ಅಂಚು, ದೊಡ್ಡದಾಗಿ ಹರಡಿಕೊಂಡದ್ದು. ಈ ಮೀನು ಹಿಡಿಯಲು ಹಳ್ಳದಲ್ಲಿ ಇಡುವ ಬುಟ್ಟಿಯಂಥ ಬೋನು, ಕೂಣಿ, ಅದರ ಬಾಯಿ ಯಾವ ಕಡೆಗಿದೆ ಎಂಬುದು ಇಲ್ಲಿ ಮುಖ್ಯ. ಕೆಳಗೆ ಮುಖ ಮಾಡಿದ್ದರೆ ಏರುವ ಬಸಿರು ಮೀನು ಬೀಳುತ್ತದೆ, ಮೇಲೆ ಮುಖ ಮಾಡಿದ್ದರೆ ಇಳಿಯುವಂಥವು. ಹಿಡಿಯಲೇಬೇಕೆಂದರೆ ಮೊದಲ ಏರಿಕೆಯ ಎರಡು ಮೂರು ದಿನ ಬಿಡಿ. ಹಳ್ಳದ ಅಡ್ಡಗಲಕ್ಕೂ ತಡೆ ಕಟ್ಟದೆ ಅರ್ಧ ತೆರೆದಿಡಿ. ಕೂಣಿಯ ಸಂದಿ ಬೆರಳು ತೂರುವಷ್ಟಿರಲಿ. ಸೊಳ್ಳೆಪರದೆ ಕಟ್ಟಿದ ಕಡೆ ಸಸಲೆಂಬ ಸಣ್ಣ ಮೀನಿನ ಒಂದು ವರ್ಷದ ಪೀಳಿಗೆಯೇ ಹೋಗುತ್ತದೆ. ಗದ್ದೆ ಬಸಿಯುವಾಗ ಕಂಡಿಯನ್ನು ಒಮ್ಮೆಲೇ ಕಡಿಯದೆ ಎರಡು ಮೂರು ದಿನಗಳಲ್ಲಿ ಸ್ವಲ್ಪ ಸ್ವಲ್ಪ ತಗ್ಗಿಸಿದರೆ ಮರಿ ನೀರಿನ ಜತೆ ಇಳಿಯುತ್ತದೆ.

ಇದೇ ತಿಂಗಳುಗಳಲ್ಲಿ ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಶೇಕಡಾ 1ರ ದ್ರಾವಣವೆಂದರೆ 100 ಲೀಟರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ, ಹಾಗಾಗಿ ಒಂದು ಲೀಟರ್ ದ್ರಾವಣದಲ್ಲಿ ಎರಡೂವರೆ ಗ್ರಾಂ ತಾಮ್ರ. ಸುಣ್ಣ ಸರಿಯಾಗಿ ಬಿದ್ದರೆ ಅದರ ಬಹುಪಾಲು ಕರಗದ ರೂಪಕ್ಕೆ ತಿರುಗುತ್ತದೆ. ಸುಣ್ಣ ಹಳತಾಗಿ ಸತ್ವ ಕಳೆದುಕೊಂಡಿದ್ದರೆ ತಿರುಗುವುದಿಲ್ಲ. ಕರಗಿದ ತಾಮ್ರ ಮರಿಯ ಕಿವಿರನ್ನೂ ವಾಸನೆ ಹಿಡಿಯುವ ಅಂಗವನ್ನೂ ಸುಡುತ್ತದೆ. ಲೀಟರಿಗೆ ಒಂದು ಮಿಲಿಗ್ರಾಮಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಯಿದ್ದರೂ ಸಾಕು. ಮಲೆನಾಡಿನ ಹಳ್ಳದ ನೀರಿನಲ್ಲಿ ಸುಣ್ಣದಂಶ ಕಡಿಮೆ, ಅಂಥ ಮೆದು ನೀರಿನಲ್ಲಿ ತಾಮ್ರದ ವಿಷ ಇನ್ನೂ ಚುರುಕು. ಮರಕ್ಕೆ ಹೊಡೆದದ್ದಕ್ಕಿಂತ ಹೆಚ್ಚು ಕೆಡುಕು ಮಾಡುವುದು ಸಂಜೆ ಬ್ಯಾರೆಲ್ಲು, ಪಂಪು, ಪೈಪುಗಳನ್ನು ಹಳ್ಳಕ್ಕಿಳಿಸಿ ತೊಳೆಯುವುದು. ಮೊದಲೇ ಕರಗಿಸಿಟ್ಟ, ಸುಣ್ಣ ಬೀಳದ ತುತ್ತದ ನೀರು ಉಳಿದದ್ದನ್ನು ಚೆಲ್ಲಿದರೆ ಎಲ್ಲಕ್ಕಿಂತ ಕೆಟ್ಟದ್ದು. ದ್ರಾವಣಕ್ಕೆ ಹೊಳಪಿನ ಚಾಕು ಅದ್ದಿ ನೋಡಿ, ತಾಮ್ರದ ಕೆಂಪು ಅಂಟಿದರೆ ಇನ್ನಷ್ಟು ಸುಣ್ಣ ಸೇರಿಸಿ. ತೊಳೆದ ನೀರನ್ನು ಬಸಿಗಾಲುವೆಯಿಂದ ದೂರ, ತೋಟದ ಮಣ್ಣಿಗೇ ಹೊಯ್ಯಿರಿ.

ಮಳೆ ನಿಂತ ಮೇಲೆ ಪಂಪ್‌ಸೆಟ್ಟಿನ ಸರದಿ. ಸೆಕೆಂಡಿಗೆ 10 ಲೀಟರ್ ಎಳೆಯುವ ಪಂಪಿನ ಫುಟ್‌ವಾಲ್ವು (ನೀರಿನಲ್ಲಿ ಮುಳುಗಿರುವ ಪೈಪಿನ ತುದಿಯ ಕವಾಟ) 10 ಸೆಂ.ಮೀ. ಅಡ್ಡಗಲ, 15 ಸೆಂ.ಮೀ. ಉದ್ದವಿದ್ದರೆ ಅದರ ಮೈಯ ಹತ್ತಿರ ನೀರಿನ ವೇಗ ಸೆಕೆಂಡಿಗೆ ಸುಮಾರು 20 ಸೆಂ.ಮೀ. ಎರಡು ಸೆಂ.ಮೀ. ಮರಿಗೆ ಅಲ್ಲಿಂದ ತಪ್ಪಿಸಿಕೊಳ್ಳುವುದು ಕಷ್ಟ. 40 ಸೆಂ.ಮೀ. ಅಡ್ಡಗಲ, 60 ಸೆಂ.ಮೀ. ಎತ್ತರದ ಕಬ್ಬಿಣದ ಬುಟ್ಟಿ ಮಾಡಿಸಿ, ಸುತ್ತ 2 ಮಿಲಿಮೀಟರ್ ಕಣ್ಣಿನ ಜಾಲರಿ ಬಿಗಿದು, ನಡುವೆ ಫುಟ್‌ವಾಲ್ವು ಇಡಿ. ಜಾಲರಿಯ ಹೊರಗೆ ವೇಗ ಸೆಕೆಂಡಿಗೆ ಒಂದೂವರೆ ಸೆಂ.ಮೀ.ಗೂ ಕೆಳಗಿಳಿಯುತ್ತದೆ. ಎಲೆಕಸ ಅಂಟಿದಷ್ಟೂ ಉಳಿದ ಕಣ್ಣುಗಳಲ್ಲಿ ಸೆಳೆತ ಏರುವುದರಿಂದ ವಾರಕ್ಕೊಮ್ಮೆ ಉಜ್ಜಲೇಬೇಕು. ಜಾಲರಿಯನ್ನು ಫುಟ್‌ವಾಲ್ವಿಗೇ ಸುತ್ತಿದರೆ ಮರಿ ಒಳಗೆ ಹೋಗದೆ ಜಾಲರಿಗೆ ಅಂಟಿ ಸಾಯುತ್ತದೆ, ಅಷ್ಟೇ ವ್ಯತ್ಯಾಸ.

ಅಣೆಕಟ್ಟು, ಕಿರು ವಿದ್ಯುತ್ ಘಟಕಗಳ ಕೆಳಗೆ ಇನ್ನೊಂದು ಬಗೆಯ ಸಾವು. ಟರ್ಬೈನ್ ನಿಲ್ಲಿಸಿದಾಗ ನೀರಿನ ಮಟ್ಟ 30 ಸೆಂ.ಮೀ. ಇಳಿದರೆ, ಇಪ್ಪತ್ತಕ್ಕೆ ಒಂದರ ಇಳಿಜಾರಿನ ಮರಳುದಂಡೆಯಲ್ಲಿ ಅಂಚು ಆರು ಮೀಟರ್ ಹಿಂದೆ ಸರಿಯುತ್ತದೆ. ಮರಿ ಗುಂಡಿಗಳಲ್ಲಿ ಉಳಿದು ಮಧ್ಯಾಹ್ನದ ಬಿಸಿಲಿಗೆ ಬೇಯುತ್ತದೆ. ನಾರ್ವೆಯಲ್ಲಿ ಟ್ರೌಟ್ ಮರಿಗಳ ಮೇಲೆ ನಡೆದ ಅಧ್ಯಯನಗಳಲ್ಲಿ, ಗಂಟೆಗೆ 10 ಸೆಂ.ಮೀ.ಗಿಂತ ನಿಧಾನವಾಗಿ ಇಳಿಸಿದಾಗ ಸಿಕ್ಕಿಬೀಳುವ ಮರಿಗಳು ಬಹಳ ಕಡಿಮೆಯಾದವು. ಅದಕ್ಕೆ ಹೊಸ ಯಂತ್ರವೇನೂ ಬೇಡ, ಗೇಟನ್ನು ನಿಧಾನವಾಗಿ ಮುಚ್ಚಬೇಕು.

ಮರಿ ತಂದು ಬಿಟ್ಟರಾಯಿತು ಎನ್ನುವವರಿಗೆ ಕಾವೇರಿಯ ಉದಾಹರಣೆಯಿದೆ. ಮಹಾರಾಷ್ಟ್ರದ ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿದ, ಕೃಷ್ಣಾ ಕೊಳ್ಳದ ಡೆಕ್ಕನ್ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಅವು ನೆಲೆಯೂರಿದವು, ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಕ್ಷೀಣಿಸುತ್ತ ಬಂತು. ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರಿನ ಪ್ರಭೇದವೆಂದು 2018ರಲ್ಲಿ ಗುರುತಿಸಲಾದ ಆ ಮೀನು ಈಗ ಅಳಿವಿನ ತೀವ್ರ ಅಪಾಯದ ಪಟ್ಟಿಯಲ್ಲಿದೆ. ಹಾಗಾಗಿ ಬೇರೆ ಕೊಳ್ಳದ ಮರಿ ಬೇಡ. ಅದೇ ಹೊಳೆಯ ತಳಿಯ ಮರಿಯನ್ನೇ ಬಿಡುವುದಾದರೂ ಸೇತುವೆ ಮೇಲಿಂದ ಸುರಿಯಬೇಡಿ. ಚೀಲವನ್ನು 15–20 ನಿಮಿಷ ನೆರಳಿನ ನೀರಿನಲ್ಲಿ ತೇಲಿಸಿ, ಬಾಯಿ ಬಿಚ್ಚಿ ಹೊಳೆನೀರನ್ನು ಸ್ವಲ್ಪ ಸ್ವಲ್ಪ ಬೆರೆಸಿ, ಬೇರು ಕಲ್ಲುಗಳಿರುವ ಅಂಚಿನಲ್ಲಿ ಓರೆ ಮಾಡಿ ಹಿಡಿದರೆ ಮರಿ ತಾನಾಗಿ ಹೊರಬರುತ್ತದೆ.

ನಿಮ್ಮೂರ ಹೊಳೆಯಲ್ಲಿ ಲೆಕ್ಕ ಇಡುವುದಾದರೆ ಬೆಳಗ್ಗೆ ಎಂಟರಿಂದ ಹತ್ತರೊಳಗೆ ಹೋಗಿ. ಕೆಳಗಿನಿಂದ ಮೇಲಕ್ಕೆ ನಡೆಯಿರಿ, ಇಲ್ಲವಾದರೆ ಕದಡಿದ ನೀರು ಮುಂದಿನ ಜಾಗಕ್ಕೆ ಹರಿದು ಏನೂ ಕಾಣದು. ಹತ್ತು ಹೆಜ್ಜೆಗೊಮ್ಮೆ ನಿಂತು, ಒಂದು ಚದರ ಮೀಟರಿನಲ್ಲಿ ಎರಡು ನಿಮಿಷಕ್ಕೆ ಕಂಡ ಮರಿ ಎಷ್ಟು, ಆಳ ಎಷ್ಟು, ಎಲೆ ಮೀಟರ್ ದಾಟಲು ಎಷ್ಟು ಸೆಕೆಂಡು, ನೀರಿನ ಉಷ್ಣತೆ ಎಷ್ಟು, ತಳ ಮರಳೋ ಜಲ್ಲಿಯೋ ಕೆಸರೋ ಬರೆದುಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಅದೇ ಜಾಗಗಳಿಗೆ ಮರಳಿ. ಶೃಂಗೇರಿ, ಚಿಪ್ಪಲಗುಡ್ಡೆ, ಶಿಶಿಲದಂಥ ಮತ್ಸ್ಯಧಾಮಗಳಲ್ಲಿ ಬಲೆ ಇಳಿಸುವ ಮಾತೇ ಇಲ್ಲ, ಕಣ್ಣಲ್ಲೇ ಎಣಿಸಿ. ಬೇರೆ ಕಡೆ ಗುರುತು ಹಿಡಿಯಲು ಹಿಡಿಯಲೇಬೇಕಾದರೆ ಬಿಳಿ ತಟ್ಟೆಗೆ ಮೊದಲು ಹೊಳೆನೀರು ತುಂಬಿ, ಮರಿಯನ್ನು ಬಲೆಯಿಂದ ನೀರಿನ ಸಮೇತ ತಟ್ಟೆಗೆ ದಾಟಿಸಿ. ಒಣಗೈ ತಾಗಿದರೆ ಮೈಯ ಲೋಳೆ ಕಿತ್ತು ಆ ಜಾಗದಲ್ಲಿ ಬೂಷ್ಟು ಹಿಡಿಯುತ್ತದೆ. ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ಸಾಕು. ಎರಡು ನಿಮಿಷದೊಳಗೆ, ಹಿಡಿದ ಅದೇ ಅಂಚಿಗೆ ಬಿಟ್ಟುಬಿಡಿ.