ಮೇಜಿಲ್ಲದ ಮನೆಗಳಿಗೆ ಭೂಕಂಪದ ಪಾಠ

ಸೆಪ್ಟೆಂಬರ್ 30, 2023, ಶನಿವಾರ
ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ

ಇಂದಿಗೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯ ಭೂಕಂಪಕ್ಕೆ ಮೂವತ್ತು ವರ್ಷ. ಎಂಟನೆಯ ತರಗತಿಯ ಶಿಲಾಗೋಳದ, ಅಂದರೆ ಭೂಮಿಯ ಹೊರಗಿನ ಕಲ್ಲಿನ ಪದರದ, ಪಾಠ ಈ ದಿನಕ್ಕೆ ಸರಿಯಾಗಿ ಬಂದು ನಿಲ್ಲುವಂತೆ ಎರಡು ವಾರಗಳಿಂದ ಹೊಂದಿಸಿಕೊಂಡು ಬಂದಿದ್ದೆ. ಶನಿವಾರ ಬೆಳಗಿನ ಶಾಲೆಯಾದ್ದರಿಂದ ದೈಹಿಕ ಶಿಕ್ಷಕರ ಅವಧಿಯನ್ನೂ ಕೇಳಿ ಪಡೆದು, ಎರಡು ಅವಧಿಗಳನ್ನು ಸೇರಿಸಿ ಪಾಠ ಮಾಡಿದೆ. ಆದದ್ದನ್ನು ಮರೆಯುವ ಮೊದಲೇ ಬರೆದಿಡಬೇಕೆನಿಸಿ ಊಟವಾದ ಕೂಡಲೇ ಕುಳಿತಿದ್ದೇನೆ.

ಪ್ರತಿ ವರ್ಷ ಈ ಪಾಠ ಬಂದಾಗ ಮಕ್ಕಳು ಮಣ್ಣಿನ ಗುಡ್ಡ ಮಾಡಿ, ಅದರ ತುದಿಯ ಕುಳಿಯಲ್ಲಿ ಅಡುಗೆ ಸೋಡಾ ಇಟ್ಟು, ಬಣ್ಣ ಬೆರೆಸಿದ ನಿಂಬೆರಸ ಸುರಿದು ಚಪ್ಪಾಳೆ ತಟ್ಟುತ್ತಾರೆ. ಈ ಸಲ ಅದು ಬೇಡವೆಂದೆ. ಮಕ್ಕಳ ಮುಖ ಬಾಡಿದ್ದು ನಿಜ. ಆದರೆ ಆ ಆಟದಲ್ಲಿ ಯಾವುದೂ ಕರಗುವುದಿಲ್ಲ, ಯಾವುದೂ ತಣಿದು ಕಲ್ಲಾಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಜ್ವಾಲಾಮುಖಿಯೆಂದರೆ ಚೂಪು ತುದಿಯ ಪರ್ವತ, ಅದು ಜಪಾನಿನಲ್ಲಿಯೋ ಇಟಲಿಯಲ್ಲಿಯೋ ಇರುವಂಥದ್ದು ಎಂಬ ಚಿತ್ರ ಮನಸ್ಸಿನಲ್ಲಿ ಕೂತುಬಿಡುತ್ತದೆ. ತಾನು ದಿನವೂ ತುಳಿಯುವ ಎರೆಹೊಲ ಲಾವಾದಿಂದ ಹುಟ್ಟಿದ್ದೆಂಬ ಅನುಮಾನ ಅಂಥ ಮಗುವಿಗೆ ಎಂದಾದರೂ ಬಂದೀತೆ?

ಅದರ ಬದಲು, ನೆಲದಾಳದಲ್ಲಿ ಕರಗಿದ ಕಲ್ಲಿಗಿರುವ 'ಶಿಲಾಪಾಕ' ಎಂಬ ಪದದಿಂದಲೇ ಆರಂಭಿಸಿದೆ. ಕಬ್ಬು ಬೆಳೆಯುವ ಊರಿನ ಮಕ್ಕಳಿಗೆ ಪಾಕವೆಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಎಳೆಯ ಪಾಕ ತಟ್ಟೆಗೆ ಸುರಿದರೆ ತಾನೇ ಹರಿದು ಅಂಚು ಮುಟ್ಟುತ್ತದೆ, ಏರಿದ ಪಾಕ ಬಿದ್ದಲ್ಲೇ ಗುಪ್ಪೆಯಾಗಿ ನಿಲ್ಲುತ್ತದೆ ಎಂದು ಹೆಣ್ಣುಮಕ್ಕಳೇ ಮುಂದಾಗಿ ವಿವರಿಸಿದರು. ಕಲ್ಲಿನ ಪಾಕವೂ ಹಾಗೆಯೇ. ಮರಳಿನಲ್ಲಿರುವ ಸಿಲಿಕಾ ಎಂಬ ಅಂಶ ಕಡಿಮೆಯಿರುವ, ಬಸಾಲ್ಟ್ ಎಂಬ ಕಪ್ಪು ಕಲ್ಲಿನ ಪಾಕ ತೆಳುವಾಗಿದ್ದು, ಬಿರುಕುಗಳಿಂದ ಉಕ್ಕಿ ಮೈಲಿಗಟ್ಟಲೆ ಹರಿಯುತ್ತದೆ. ಸಿಲಿಕಾ ಹೆಚ್ಚಿರುವ ಪಾಕ ಅಂಟಂಟಾಗಿದ್ದು, ಒಳಗಿನ ಅನಿಲಕ್ಕೆ ದಾರಿ ಕೊಡದೆ ಕೊನೆಗೆ ಒಮ್ಮೆಲೇ ಸಿಡಿಯುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನಮ್ಮ ದಖ್ಖನ್ನಿನ ಮೇಲೆ ಹರಿದದ್ದು ಮೊದಲನೆಯ ಬಗೆಯದು. ಇಂದಿಗೂ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ನೆಲವನ್ನು ಅದು ಮುಚ್ಚಿಕೊಂಡಿದೆ. ನಮ್ಮ ಎರೆಮಣ್ಣು ಸವೆದ ಬಸಾಲ್ಟೇ. ವಿಜಯಪುರದ ಗೋಲ್ ಗುಂಬಜ್ ನಿಂತಿರುವುದೂ ಅದೇ ಕಪ್ಪು ಕಲ್ಲಿನಿಂದ.

ಹಿಂದಿನ ಸಾಲಿನಲ್ಲಿ ಕೂರುವ, ಸಾಮಾನ್ಯವಾಗಿ ಬಾಯಿ ಬಿಡದ ಹುಡುಗನೊಬ್ಬ ಆಗ ಎದ್ದು ನಿಂತ. ಅವನ ತಂದೆ ಬಾವಿ ತೋಡುವ ಕೆಲಸದವರು. "ಮೊದಲು ಎರಿ ಬರ್ತದ ಮೇಡಂ, ಆಮೇಲೆ ಗರಸು, ಆಮೇಲೆ ಕರಿಕಲ್ಲು. ಕರಿಕಲ್ಲು ಮುಗೀತು ಅನ್ನೋದ್ರಾಗ ಒಂದು ಕೆಂಪು ಮಣ್ಣಿನ ಪಟ್ಟಿ ಬರ್ತದ. ಅದರ ಕೆಳಗ ಮತ್ತ ಕರಿಕಲ್ಲೇ," ಎಂದ. ನಾನು ಹಲಗೆಯ ಮೇಲೆ ಬರೆಯಬೇಕೆಂದು ಟಿಪ್ಪಣಿ ಮಾಡಿಕೊಂಡು ಬಂದಿದ್ದ ಚಿತ್ರವನ್ನು ಅವನು ನಿಂತಲ್ಲೇ ಹೇಳಿ ಮುಗಿಸಿದ್ದ. ಒಂದು ಹರಿವು ತಣಿದು ಕಲ್ಲಾದ ಮೇಲೆ, ಮುಂದಿನ ಹರಿವು ಬರುವವರೆಗೆ ಮಳೆ ಗಾಳಿಗಳಿಗೆ ಅದರ ಮೇಲ್ಮೈ ಸವೆದು ಮಣ್ಣಾಗಿ, ಆ ಮಣ್ಣಿನ ಮೇಲೆ ಮತ್ತೆ ಬಿಸಿ ಲಾವಾ ಹರಿದಾಗ ಉಳಿದದ್ದು ಆ ಕೆಂಪು ಪಟ್ಟಿ. ಅವನ ತಂದೆ ಹಾರೆಯಿಂದ ಅಗೆದು ದಾಟುತ್ತಿದ್ದದ್ದು ಎರಡು ಲಾವಾ ಹರಿವುಗಳ ನಡುವಿನ ಬಿಡುವು ಎಂದು ಹೇಳಿದಾಗ, ಹುಡುಗ ನಗಲೂ ಇಲ್ಲ, ಕೂರಲೂ ಇಲ್ಲ. ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದ.

ಆ ಬೆಂಕಿ ಮತ್ತೆ ನಮ್ಮೂರಲ್ಲಿ ಏಳುತ್ತದೆಯೇ ಎಂಬ ಪ್ರಶ್ನೆ ಬಂದೇ ಬಂತು. ಏಳುವುದಿಲ್ಲ. ಅಂದು ನಮ್ಮ ನೆಲವನ್ನು ಕರಗಿಸಿತೆಂದು ಭೂವಿಜ್ಞಾನಿಗಳು ಗುರುತಿಸುವ ಆಳದ ಬಿಸಿತಾಣ ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದ್ದು, ಅಲ್ಲಿಯ ಜ್ವಾಲಾಮುಖಿ ಇಂದಿಗೂ ಉಕ್ಕುತ್ತಿರುತ್ತದೆ. ಒಲೆ ಇದ್ದಲ್ಲೇ ಉಳಿಯಿತು, ಮೇಲಿದ್ದ ನಾವು ಸರಿದು ಬಂದೆವು. ನಮ್ಮನ್ನು ಹೊತ್ತ ಕಲ್ಲಿನ ಹಲಗೆಯಾದ ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ವೇಗದಲ್ಲಿ ಉತ್ತರ-ಈಶಾನ್ಯಕ್ಕೆ ಚಲಿಸುತ್ತಿದೆ. ಹಾಗಾದರೆ ಕಿಲ್ಲಾರಿಯ ರಾತ್ರಿಯಿಂದ ಇಂದಿನವರೆಗೆ ಎಷ್ಟು ಸರಿದಿದ್ದೇವೆಂದು ಲೆಕ್ಕ ಹಾಕಿಸಿದೆ. ಒಂದೂವರೆ ಮೀಟರ್. ಬಾಗಿಲ ಬಳಿಯಿಂದ ಅಳೆದು ಸೀಮೆಸುಣ್ಣದಿಂದ ಗೆರೆ ಎಳೆದಾಗ ಅದು ನೆಲಕ್ಕೆ ಹಾಸಿದ ಮೂರನೆಯ ಪರಸಿಕಲ್ಲಿನ ಮೇಲೆ ಬಂತು. ಶಾಲೆ, ಬೇವಿನ ಮರ, ಆಳಂದ ರಸ್ತೆ ಎಲ್ಲವೂ ಸೇರಿ ಮೂರು ಪರಸಿಯಷ್ಟು ಸರಿದಿವೆ ಎಂಬುದನ್ನು ನಂಬಲು ಮಕ್ಕಳು ಆ ಗೆರೆಯನ್ನು ಹಲವು ಬಾರಿ ದಾಟಿ ನೋಡಿದರು.

ಈ ಸರಿದಾಟ ಹಿಮಾಲಯದಲ್ಲಿ ಏಷ್ಯಾಕ್ಕೆ ಒತ್ತಿ ನಿಲ್ಲುತ್ತದೆ. ಆ ಒತ್ತಡದ ಒಂದಂಶ ಫಲಕದ ನಡುಭಾಗದಲ್ಲಿಯೂ ಸಂಗ್ರಹವಾಗಿ, ಹಳೆಯ ಬಿರುಕುಗಳಲ್ಲಿ ಯಾವಾಗಲೋ ಬಿಡುಗಡೆಯಾಗುತ್ತದೆ. ನಮ್ಮ ಕಡೆ ಆ ಬಿರುಕುಗಳ ಮೇಲೆ ಲಾವಾ ಹೊದಿಕೆ ಹಾಸಿಕೊಂಡಿರುವುದರಿಂದ ಅವು ಕಣ್ಣಿಗೆ ಬೀಳುವುದಿಲ್ಲ. ಕಿಲ್ಲಾರಿಯಲ್ಲಿ ಕೊರೆದು ನೋಡಿದಾಗ ಬಸಾಲ್ಟ್ ಸುಮಾರು 340 ಮೀಟರ್ ದಪ್ಪವಿತ್ತು. 1993ರಲ್ಲಿ ಆ ಪ್ರದೇಶ ದೇಶದ ಭೂಕಂಪ ವಲಯಗಳ ನಕ್ಷೆಯಲ್ಲಿದ್ದದ್ದು ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿ. ಅಂದು ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ, ಗಣಪತಿ ಕಳಿಸಿ ದಣಿದು ಮಲಗಿದ್ದ ಜನರ ಮೇಲೆ ಅವರವರ ಮನೆಗಳೇ ಬಿದ್ದವು. ತೀವ್ರತೆ 6.2, ಸತ್ತವರು ಸುಮಾರು 10,000. 2002ರಲ್ಲಿ ನಕ್ಷೆಯನ್ನು ಪರಿಷ್ಕರಿಸಿದಾಗ ಒಂದನೆಯ ವಲಯವನ್ನೇ ತೆಗೆದುಹಾಕಿದರು.

ಗಡಿ ದಾಟಿದರೆ ಮಹಾರಾಷ್ಟ್ರವಾದರೂ ನಮ್ಮ ಮಕ್ಕಳಿಗೆ ಇದು ದೂರದ ಕಥೆಯಲ್ಲ. ಒಬ್ಬಳ ಆಯಿಯ ತವರು ಆ ಕಡೆಯದು. ಮನೆಯೊಳಗೆ ಮಲಗಲು ಆಯಿಗೆ ಒಂದು ವರ್ಷ ಬೇಕಾಯಿತಂತೆ. ಇನ್ನೊಬ್ಬನ ಸೋದರಮಾವ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದವರು. 2021ರ ಅಕ್ಟೋಬರ್‌ನಲ್ಲಿ ಅಲ್ಲಿ ಮೇಲಿಂದ ಮೇಲೆ ನೆಲ ನಡುಗಿ, ಒಂದು ಕಂಪನ 4.1ರಷ್ಟಾದಾಗ ಜನ ಬಯಲಲ್ಲಿ ರಾತ್ರಿ ಕಳೆದದ್ದನ್ನು ಅವನು ಕಂಡಿದ್ದಾನೆ. ಸಣ್ಣ ಕಂಪನಗಳು ದೊಡ್ಡದರ ಮುನ್ಸೂಚನೆಯಲ್ಲವೇ ಎಂದು ಕೇಳಿದ. ಕಿಲ್ಲಾರಿಯಲ್ಲೂ ಹಿಂದಿನ ವರ್ಷ ನೆಲ ನಡುಗಿತ್ತು, ಆಮೇಲೆ ದೊಡ್ಡದು ಬಂತು. ಗಡಿಕೇಶ್ವರದಲ್ಲಿ ನಡುಗಿತು, ಬರಲಿಲ್ಲ. ನಡುಗುವಾಗ ಇವೆರಡನ್ನೂ ಬೇರ್ಪಡಿಸಿ ಹೇಳುವ ವಿದ್ಯೆ ಇನ್ನೂ ಯಾರ ಬಳಿಯೂ ಇಲ್ಲವೆಂದು ಉತ್ತರಿಸುವಾಗ, ಶಿಕ್ಷಕಿಯಾಗಿ ನನಗೆ ತುಸು ಮುಜುಗರವೇ ಆಯಿತು.

ಜ್ವಾಲಾಮುಖಿಗಳು ಈ ವಿಷಯದಲ್ಲಿ ಹೆಚ್ಚು ದಾಕ್ಷಿಣ್ಯವುಳ್ಳವು, ಬಹುಪಾಲು ಹೇಳಿ ಬರುತ್ತವೆ. ಆದರೆ ಹೇಳಿದ್ದನ್ನು ಕೇಳುವವರಿರಬೇಕು. 1985ರ ನವೆಂಬರ್ 13ರಂದು ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ ಉಕ್ಕಿ ಶಿಖರದ ಹಿಮ ಕರಗಿದಾಗ, ಅರ್ಮೆರೊ ಪಟ್ಟಣ ಕೆಸರಿನ ಪ್ರವಾಹದಲ್ಲಿ ಹೂತುಹೋಗಿ 20,000ಕ್ಕೂ ಹೆಚ್ಚು ಜನ ಸತ್ತರು. ಅಪಾಯದ ನಕ್ಷೆ ಅದಕ್ಕೂ ಮೊದಲೇ ಸಿದ್ಧವಾಗಿತ್ತು. ಆರು ವರ್ಷಗಳ ನಂತರ, 1991ರ ಜೂನ್‌ನಲ್ಲಿ, ಫಿಲಿಪ್ಪೀನ್ಸಿನ ಪಿನಾಟುಬೊ ಅದಕ್ಕಿಂತ ಎಷ್ಟೋ ಪಟ್ಟು ಭೀಕರವಾಗಿ ಸಿಡಿದರೂ ಹತ್ತಾರು ಸಾವಿರ ಜನರನ್ನು ಮೊದಲೇ ಸ್ಥಳಾಂತರಿಸಲಾಗಿತ್ತು. ಬಿಸಿ ಬೂದಿಯ ಮೋಡವೆಂದರೆ ಏನೆಂದು ಅಲ್ಲಿಯ ಅಧಿಕಾರಿಗಳಿಗೂ ಜನರಿಗೂ ಮನದಟ್ಟು ಮಾಡಿದ್ದರಲ್ಲಿ, ಫ್ರಾನ್ಸಿನ ಜ್ವಾಲಾಮುಖಿ ವಿಜ್ಞಾನಿಗಳಾದ ಕ್ರಾಫ್ಟ್ ದಂಪತಿ ಚಿತ್ರೀಕರಿಸಿದ ವೀಡಿಯೊದ ಪಾಲು ದೊಡ್ಡದು. ಆ ದಂಪತಿ ಅದೇ ತಿಂಗಳ 3ರಂದು ಜಪಾನಿನ ಉಂಜೆನ್ ಜ್ವಾಲಾಮುಖಿಯಲ್ಲಿ ಅಂಥದೇ ಮೋಡಕ್ಕೆ ಸಿಕ್ಕಿ ತೀರಿಕೊಂಡಿದ್ದರು. ತರಗತಿ ಈ ಭಾಗಕ್ಕೆ ನಿಶ್ಶಬ್ದವಾಯಿತು.

ಎರಡನೆಯ ಅವಧಿ ಸಿದ್ಧತೆಯ ಪಾಠ. ನನ್ನ ಕೈಯಲ್ಲಿದ್ದ ಕರಪತ್ರದಲ್ಲಿ ನೆಲ ನಡುಗಿದ ಕೂಡಲೇ ಬಗ್ಗಿ, ಮೇಜಿನ ಕೆಳಗೆ ಸೇರಿ, ಅದರ ಕಾಲನ್ನು ಬಿಗಿಯಾಗಿ ಹಿಡಿಯಬೇಕೆಂದಿತ್ತು. ಅದನ್ನು ಓದಿ ಮುಗಿಸುವಷ್ಟರಲ್ಲಿ ಮುಂದಿನ ಸಾಲಿನ ಹುಡುಗಿ, "ನಮ್ಮ ಮನ್ಯಾಗ ಮೇಜೇ ಇಲ್ಲ ಮೇಡಂ," ಎಂದಳು. ಕೈಯೆತ್ತಿಸಿದೆ. ನಲವತ್ತೊಂದು ಮಕ್ಕಳಲ್ಲಿ ಮೇಜು ಇದ್ದದ್ದು ಆರು ಮನೆಗಳಲ್ಲಿ; ಅದರಲ್ಲಿ ಎರಡು ಹೊಲಿಗೆ ಯಂತ್ರದವು.

ಹನ್ನೊಂದು ವರ್ಷಗಳಿಂದ ಈ ವಾಕ್ಯವನ್ನು ಓದಿಸುತ್ತ ಬಂದಿರುವ ನನಗೆ ಇದು ಹೊಳೆಯದೆ ಹೋದದ್ದು ಹೇಗೆ? ಮೇಜಿಲ್ಲದವರು ಒಳಗೋಡೆಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ತಲೆಯನ್ನು ತೋಳುಗಳಿಂದ ಮುಚ್ಚಿಕೊಳ್ಳಬೇಕೆಂದು ಹೇಳಿಕೊಟ್ಟೆ, ಮಾಡಿಸಿಯೂ ನೋಡಿದೆ. ಆದರೆ ಆ ಗೋಡೆಯೇ ಮೈಮೇಲೆ ಬರುವಂಥದ್ದಾದರೆ ಮೂಲೆ ಏನು ಮಾಡೀತು? ಕಿಲ್ಲಾರಿಯಲ್ಲಿ ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ಎರಡು ಮೈಯ ದಪ್ಪ ಕಲ್ಲುಗೋಡೆ ಮತ್ತು ಮಾಳಿಗೆಯ ಮೇಲಿನ ಮಣ್ಣಿನ ಭಾರ. ಹೊರಮೈ ಕಲ್ಲುಗಳೂ ಒಳಮೈ ಕಲ್ಲುಗಳೂ ಒಂದನ್ನೊಂದು ಹಿಡಿದುಕೊಂಡಿರದೆ, ಅಲುಗಿದಾಗ ಗೋಡೆ ಹೊಟ್ಟೆ ಬಂದು ಸೀಳಿತು. ಈ ತಿಂಗಳ 8ರಂದು ಮೊರಾಕ್ಕೊದಲ್ಲಿ ಆದ 6.8ರ ಕಂಪನದಲ್ಲಿಯೂ ಗುಡ್ಡಗಾಡಿನ ಮಣ್ಣಿನ ಮನೆಗಳೇ ಕುಸಿದದ್ದನ್ನು ಮಕ್ಕಳು ಟಿ.ವಿ.ಯಲ್ಲಿ ನೋಡಿದ್ದರು. ಗೋಡೆಯ ಎರಡೂ ಮೈ ಮುಟ್ಟುವಂತೆ ಅಲ್ಲಲ್ಲಿ ಉದ್ದನೆಯ ಕಲ್ಲು ಕೂರಿಸುವುದು, ಬಾಗಿಲಿನ ಮೇಲ್ತುದಿಯ ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟಿನ ಪಟ್ಟಿ ಕಟ್ಟುವುದು, ಮಾಳಿಗೆಯ ಮಣ್ಣನ್ನು ಕಡಿಮೆ ಮಾಡುವುದು, ಇವು ಕಿಲ್ಲಾರಿಯ ನಂತರ ಆ ಭಾಗದ ಹಳೆಯ ಮನೆಗಳಿಗೆ ಸೂಚಿಸಿದ ಉಪಾಯಗಳು. ಗೌಂಡಿ ಕೆಲಸದವರ ಮಕ್ಕಳು ಮೂವರು ಇದನ್ನು ಮಾತ್ರ ಪ್ರತ್ಯೇಕವಾಗಿ ಬರೆದುಕೊಂಡರು.

ಮನೆಗೆಲಸವಾಗಿ ಪ್ರಶ್ನೋತ್ತರ ಕೊಡಲಿಲ್ಲ. ನಿಮ್ಮ ಮನೆಯ ನಕ್ಷೆ ಬರೆಯಿರಿ, ಹೊಟ್ಟೆ ಬಂದ ಗೋಡೆ ಯಾವುದೆಂದು ಗುರುತಿಸಿರಿ, ಯಾರ ತಲೆ ಯಾವ ಗೋಡೆಯ ಕಡೆಗಿರುತ್ತದೆಂದು ತೋರಿಸಿರಿ, ತಲೆಯ ಮೇಲೆ ಏನೇನಿದೆಯೆಂದು ಎಣಿಸಿರಿ ಎಂದಿದ್ದೇನೆ. ಎಣಿಕೆ ತರಗತಿಯಲ್ಲೇ ಆರಂಭವಾಯಿತು: ಅಟ್ಟದ ಜೋಳದ ಚೀಲ, ಗೂಡಿನ ಹಿತ್ತಾಳೆ ಕೊಡ, ಗಾಳಿಗೆ ಹಾರದಿರಲೆಂದು ತಗಡಿನ ಮೇಲೆ ಹೇರಿದ ಕಲ್ಲು. ಮೇಜಿಲ್ಲವೆಂದ ಹುಡುಗಿಯ ಮನೆಯ ತಗಡಿನ ಮೇಲೆ ಹದಿನಾಲ್ಕು ಕಲ್ಲುಗಳಿವೆಯಂತೆ. ತಂಗಿಗೆ ಎಣಿಸುವುದನ್ನು ಕಲಿಸಿದ್ದು ಅವುಗಳಿಂದಲೇ ಎಂದಳು. ಅವನ್ನು ತೆಗೆದರೆ ತಗಡು ಹಾರುತ್ತದೆ. ತಗಡನ್ನು ಕೊಕ್ಕೆ ಬೋಲ್ಟಿನಿಂದ ಬಿಗಿಸಲು ದುಡ್ಡು ಬೇಕು. ಇದಕ್ಕೆ ಕರಪತ್ರದಲ್ಲಿ ಉತ್ತರವಿಲ್ಲ, ನನ್ನಲ್ಲಿಯೂ ಇರಲಿಲ್ಲ. ಅವರೆಲ್ಲರ ಹಾಸಿಗೆಯನ್ನು ಕಲ್ಲಿನ ಸಾಲಿನ ಕೆಳಗಿನಿಂದ ಈಚೆಗೆ ಸರಿಸಬಹುದೇ ನೋಡು ಎಂದಷ್ಟೇ ಹೇಳಿದೆ.

ಕೊನೆಯಲ್ಲಿ ಅಣಕು ಕವಾಯತು. ಬೆಂಚಿನ ಕೆಳಗೆ ಸೇರುವುದು ಸುಲಭವಾಗಿ, ನಗುವಿನೊಂದಿಗೇ ಮುಗಿಯಿತು. ಕಂಪನ ನಿಂತಿತೆಂದು ಎರಡನೆಯ ಗಂಟೆ ಹೊಡೆದ ಮೇಲೆ ಇಡೀ ಶಾಲೆ ಮೈದಾನ ಸೇರಲು ನಾಲ್ಕು ನಿಮಿಷ ಹತ್ತು ಸೆಕೆಂಡು ಹಿಡಿಯಿತು. ಹಿಂಬದಿಯ ಗೇಟಿಗೆ ಬೀಗವಿತ್ತು, ಕೀಲಿ ಮುಖ್ಯ ಕೊಠಡಿಯ ಬೀರುವಿನಲ್ಲಿತ್ತು, ಬೀರುವಿನ ಕೀಲಿ ಇನ್ನೆಲ್ಲೋ ಇತ್ತು. ಇದನ್ನು ಮುಖ್ಯ ಶಿಕ್ಷಕರ ಮುಂದೆ ಲಿಖಿತವಾಗಿ ಇಟ್ಟಿದ್ದೇನೆ. ಅವರು ಬೇಸರಿಸಿಕೊಳ್ಳದೆ ಓದಿದರು, ಅದು ಸಮಾಧಾನ.

ಸೋಮವಾರ ಗಾಂಧಿ ಜಯಂತಿ, ಪಾಠವಿಲ್ಲ. ಮಂಗಳವಾರ ನಕ್ಷೆಗಳು ಬರುತ್ತವೆ. ಮುಂದಿನ ವಾರದೊಳಗೆ ಒಂದು ದಿನ, ಯಾರಿಗೂ ಮುಂಚಿತವಾಗಿ ತಿಳಿಸದೆ, ಮತ್ತೊಮ್ಮೆ ಗಂಟೆ ಬಾರಿಸಲು ಒಪ್ಪಿಗೆ ಸಿಕ್ಕಿದೆ. ಹಿಂಬದಿ ಗೇಟಿನ ಎರಡನೆಯ ಕೀಲಿ ಸದ್ಯಕ್ಕೆ ನನ್ನ ಚೀಲದಲ್ಲಿದೆ.