ಪೆನ್‌ಡ್ರೈವ್ ಸಮೇತ ಬರುವ ಪ್ರಶ್ನೆ

"ಇದೆಲ್ಲ ಕದ್ದು ಹಿಡಿದದ್ದಲ್ವಾ ಮಾರಾಯ್ರೆ?" ಎಂದು ನನ್ನ ಯಕ್ಷಗಾನದ ರೆಕಾರ್ಡಿಂಗುಗಳನ್ನು ನೋಡಲು ಮನೆಗೆ ಬಂದವರು ಕೇಳುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಇನ್ನೊಂದು: "ಒಂದು ಕಾಪಿ ಸಿಕ್ಕೀತಾ? ಪೆನ್‌ಡ್ರೈವ್ ತಂದಿದ್ದೇನೆ."

ನನ್ನ ಮನೆಯ ಕಬ್ಬಿಣದ ಕಪಾಟಿನಲ್ಲಿ 400 ಚಿಲ್ಲರೆ ಕ್ಯಾಸೆಟ್ಟುಗಳಿವೆ. ಎಂಬತ್ತರ ದಶಕದ ಕೊನೆಯಿಂದ ಯಕ್ಷಗಾನದ ಆಟಗಳಲ್ಲಿ, ವೇಷವಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಗಳಲ್ಲಿ ನಾನೇ ಕೂತು ಹಿಡಿದವು. ಒಂದನ್ನೂ ಮಾರಿಲ್ಲ. ಇದನ್ನು ಹೇಳಿದಾಗೆಲ್ಲ ಎದುರಿನವರು "ಹೌದಾ" ಎಂದು ಎಳೆಯುವ ರಾಗವೊಂದಿದೆಯಲ್ಲ, ಅದನ್ನು ಕೇಳಿ ಕೇಳಿ ಸಾಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಇನ್ನು ಯಾರಾದರೂ ಕೇಳಿದರೆ ಓದಿಕೊಳ್ಳಿ ಎನ್ನಬಹುದು.

ಕಾನೂನು ಮೊದಲು, ಬೇಗ ಮುಗಿಯುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಿದ್ದುಪಡಿ ಬಂದು ಪ್ರದರ್ಶಕರಿಗೂ ಹಕ್ಕು ಸಿಕ್ಕಿತು. ಅದರ ಅವಧಿ ಮೊದಲು 25 ವರ್ಷವಿತ್ತು, 1999ರಲ್ಲಿ 50 ಮಾಡಿದರು. ಪ್ರದರ್ಶಕ ಎಂದರೆ ನಟ, ಗಾಯಕ, ವಾದಕ, ನರ್ತಕ, ದೊಂಬರಾಟದವ, ಜಾದೂಗಾರ, ಹಾವಾಡಿಗ, ಉಪನ್ಯಾಸ ಕೊಡುವವ; ಕಾಯ್ದೆಯ ಪಟ್ಟಿಯಲ್ಲಿ ಇವರೆಲ್ಲ ಉಂಟು. ಭಾಗವತರು ಗಾಯಕರಾದರು, ಚೆಂಡೆ ಮದ್ದಳೆಯವರು ವಾದಕರಾದರು. ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿಯನ್ನು ಎಲ್ಲಿ ಕೂರಿಸುವುದೆಂದು ಯೋಚಿಸಿ, ಹಾವಾಡಿಗನ ಪಕ್ಕ ಉಪನ್ಯಾಸಕರ ಸಾಲಿನಲ್ಲಿ ಕೂರಿಸಿದ್ದೇನೆ. ಅದೇ ಕಾಯ್ದೆಯ 39ನೇ ಕಲಂ ಪ್ರಕಾರ ಸ್ವಂತ ಬಳಕೆಗೆಂದು ರೆಕಾರ್ಡ್ ಮಾಡಿಕೊಂಡರೆ ಈ ಹಕ್ಕಿನ ಉಲ್ಲಂಘನೆ ಆಗುವುದಿಲ್ಲ. ಅಂದರೆ ಕಪಾಟು ಮುಚ್ಚಿರುವಷ್ಟು ಹೊತ್ತು ನಾನು ಸಾಚಾ. ನೀವು ಪೆನ್‌ಡ್ರೈವ್ ಚಾಚಿದಾಗಲೇ ತಕರಾರು ಶುರು.

ಇನ್ನು ದುಡ್ಡು. ರಾತ್ರಿ ಒಂಬತ್ತೂವರೆಗೆ ಶುರುವಾದ ಆಟ ಬೆಳಗಿನ ಆರಕ್ಕೆ ಮುಗಿಯುತ್ತಿದ್ದ ಕಾಲ. 90 ನಿಮಿಷದ ಕ್ಯಾಸೆಟ್ಟು ಆರು ಬೇಕು. 45 ನಿಮಿಷಕ್ಕೊಮ್ಮೆ ಮಗುಚುವುದೋ ಬದಲಿಸುವುದೋ, ಒಟ್ಟು 11 ಸಲ. ಭಾಗವತರ ಆವೇಶದ ಏರುಪದ ಸರಿಯಾಗಿ ಅದೇ ಗಳಿಗೆಗೆ ಬರುತ್ತಿತ್ತು, ನನ್ನ ಸಂಗ್ರಹದ ಅರ್ಧಕ್ಕರ್ಧ ಪದ್ಯಗಳಿಗೆ ನಡು ಇಲ್ಲ. ಖಾಲಿ ಕ್ಯಾಸೆಟ್ಟು, ಸೆಲ್ಲು, ಬಸ್ ಚಾರ್ಜು, ಮೈಕಿನವನಿಂದ ಒಂದು ವಯರ್ ಎಳೆಸಿಕೊಳ್ಳಲು ಅವನಿಗೆ ಚಹಾ, ಬೀಡ. ಇದಿಷ್ಟೂ ಹೊರಟದ್ದು ನನ್ನ ಕಿಸೆಯಿಂದ.

ಆಟ ಆಡುವ ತಂಡದ, ಅಂದರೆ ಮೇಳದ, ಕಿಸೆಯಿಂದ ಎಷ್ಟು ಹೋಯಿತು ಎನ್ನುತ್ತೀರಿ. ಡೇರೆ ಮೇಳವಾದರೆ ಟಿಕೇಟು ತೆಗೆದುಕೊಂಡೇ ಕೂತಿದ್ದೆ. ಹರಕೆ ಆಟದಲ್ಲಿ ಟಿಕೇಟೇ ಇಲ್ಲ. ಆಡಿಸಿದ ಮನೆಯವರು ಮೇಳಕ್ಕೆ ವೀಳ್ಯ, ಅಂದರೆ ಆಟದ ಸಂಭಾವನೆ, ಕೊಟ್ಟಾಗಿರುತ್ತದೆ, ಊರೆಲ್ಲ ಬಂದು ನೋಡುತ್ತದೆ. ಕ್ಯಾಸೆಟ್ ಕಂಪನಿಯವರ ವ್ಯಾಪಾರಕ್ಕೆ ನಾನು ಕಲ್ಲು ಹಾಕಿದೆ ಎನ್ನುವವರೂ ಇದ್ದಾರೆ. ಕಂಪನಿಯವರು ಮಾರುತ್ತಿದ್ದದ್ದು ಒಂದೋ ಎರಡೋ ಗಂಟೆಗೆ ಹಿಂಡಿದ ಪ್ರಸಂಗ. ಅದರಲ್ಲಿ ಚೆಂಡೆ ಬಿಸಿಯಾಗುವ ಹೊತ್ತಿಗೆ ಮಂಗಳ. ಹೆಸರಾಂತ ಭಾಗವತ ಕಾಳಿಂಗ ನಾವಡರು 1990ರಲ್ಲಿ, ಮೂವತ್ತರ ಹರೆಯದಲ್ಲಿ, ಅಪಘಾತದಲ್ಲಿ ಹೋದರು. ಅವರು ಹೋದ ಮೇಲೆ ಹುಟ್ಟಿದವರು ಇವತ್ತು ಅವರ ಪದ್ಯವನ್ನು ಗುನುಗುತ್ತಾರಲ್ಲ, ಅದರಲ್ಲಿ ಸಭೆಯ ನಡುವೆ ತೊಡೆಯ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತವರ ಪಾಲೂ ಇದೆ. ಈಗಿನವರು ಫೋನಿನಲ್ಲಿ ಹಿಡಿದು, ಬೆಳಗಾಗುವುದರೊಳಗೆ ಯೂಟ್ಯೂಬಿಗೆ ಹಾಕಿ, ಭಾಗವತರು ಶ್ರುತಿ ಹಿಡಿಯುವ ಹೊತ್ತಿಗೆ ಸಾಬೂನಿನ ಜಾಹೀರಾತು ತೂರಿಸುತ್ತಾರೆ. ಅದರ ದುಡ್ಡು ಯಾರಿಗೆ ಅಂತ ಅವರನ್ನು ಕೇಳಿ. ಕೇಳುವುದಿಲ್ಲ. ನನ್ನನ್ನೇ ಕೇಳುತ್ತೀರಿ, ಯಾಕೆಂದರೆ ನಾನು ಮನೆಯಲ್ಲಿ ಸಿಗುತ್ತೇನೆ.

ಯಾರೂ ಕೇಳದ ಪ್ರಶ್ನೆ ಒಂದುಂಟು: ಮಾತಾಡಿದವರಿಗೆ ಗೊತ್ತಿತ್ತಾ?

ಆಟದಲ್ಲಿ ಪದ್ಯವಾದರೂ ಬರೆದಿಟ್ಟದ್ದು. ತಾಳಮದ್ದಳೆಯಲ್ಲಿ ಅರ್ಥ, ಅಂದರೆ ಪಾತ್ರದ ಮಾತು, ಆ ಕ್ಷಣಕ್ಕೆ ಬಾಯಿಗೆ ಬಂದದ್ದು, ಕೂತವರಿಗಾಗಿ ಹುಟ್ಟಿ ಅಲ್ಲಿಯೇ ಮುಗಿಯಬೇಕಾದದ್ದು. ಒಂದು ಆಟಿ ತಿಂಗಳು, ಧೋ ಎಂದು ಮಳೆ, ದೇವಸ್ಥಾನದ ಪೌಳಿಯಲ್ಲಿ ನೂರು ಜನ ಇದ್ದಿರಬಹುದು. ಕೃಷ್ಣ ಸಂಧಾನ. ಕೌರವನಿಗೆ ಹೆಸರಾಂತ ಹಿರಿಯರು, ಕೃಷ್ಣನಿಗೆ ಆಗಷ್ಟೇ ಮೇಲೆ ಬರುತ್ತಿದ್ದ ಒಬ್ಬ ಮೇಷ್ಟ್ರು. ಮೇಷ್ಟ್ರು ಒಂದು ಪ್ರಶ್ನೆ ಹಾಕಿದರು. ಹಿರಿಯರಿಗೆ ಉತ್ತರ ಹೊಳೆಯಲಿಲ್ಲ. ಹೊಳೆಯದಾಗ ಸಿಟ್ಟು ಬಂತು. "ಹಾಲಿಗೆ ನೀರು ಬೆರೆಸಿದವನ ಮಗ ನನಗೆ ಧರ್ಮ ಹೇಳುವುದೋ?" ಎಂದುಬಿಟ್ಟರು. ಪ್ರಸಂಗದ ಮಟ್ಟಿಗೆ ಅದು ನಂದಗೋಪನಿಗೆ ಹೋಗುವ ಮಾತು. ಆದರೆ ಮೇಷ್ಟ್ರ ಅಪ್ಪ ಅದೇ ಪೇಟೆಯಲ್ಲಿ ಮನೆಮನೆಗೆ ಹಾಲು ಹಾಕುತ್ತಿದ್ದವರು. ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಕ್ಯಾಸೆಟ್ಟಿನಲ್ಲಿ ನನ್ನ ನಗು ಎಲ್ಲಕ್ಕಿಂತ ಹತ್ತಿರದಿಂದ ಕೇಳುತ್ತದೆ.

ಕೂಟ ಮುಗಿದ ಮೇಲೆ ಊಟದ ಪಂಕ್ತಿಯಲ್ಲಿ ಹಿರಿಯರು ಹೋಗಿ ಮೇಷ್ಟ್ರ ಪಕ್ಕವೇ ಕೂತರು. "ಬಾಯಿ ತಪ್ಪಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂದರು. ಬಡಿಸುವವನನ್ನು ಕರೆದು, "ಕೃಷ್ಣನಿಗೆ ಇನ್ನೊಂದು ಹೋಳಿಗೆ ಹಾಕು" ಎಂದರು. ಮೇಷ್ಟ್ರು ನಕ್ಕರು. ಅಷ್ಟೊತ್ತಿಗೆ ನಾನು ಸ್ಟಾಪ್ ಒತ್ತಿ, ವಯರ್ ಸುತ್ತಿ ಆಗಿತ್ತು.

ಕ್ಯಾಸೆಟ್ಟನ್ನು ಒಬ್ಬನೇ ಒಬ್ಬ ಗೆಳೆಯನಿಗೆ ಕೊಟ್ಟೆ. ಅವನು ಕ್ಯಾಸೆಟ್ ತುಂಬಿಸಿಕೊಡುವ ಅಂಗಡಿಗೆ ಕೊಟ್ಟ. ದೀಪಾವಳಿಗೆ ಮೇಳಗಳು ಹೊರಡುವ ಹೊತ್ತಿಗೆ ಊರೂರಲ್ಲಿ ಅದರ ಹೆಸರು "ಹಾಲಿನ ಕ್ಯಾಸೆಟ್". ಮೇಷ್ಟ್ರು ಎಲ್ಲಿ ಅರ್ಥಕ್ಕೆ ಕೂತರೂ ಹಿಂದಿನಿಂದ ಯಾರಾದರೂ "ಲೀಟರಿಗೆಷ್ಟು?" ಎನ್ನುವುದು. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಎದುರಾದರು. "ಅದು ನೀವು ಹಿಡಿದದ್ದಾ?" ಎಂದು ಕೇಳಿದರು, ದನಿ ಎತ್ತದೆ.

"ಛೆ, ಅಲ್ಲ. ಮೈಕಿನವನದ್ದಿರಬೇಕು" ಎಂದೆ.

ಮಾತು ಹೇಗೋ ಆ ಕೂಟ ನಡೆಸಿದ ಸಂಘದವರ ಕಿವಿಗೆ ಬಿತ್ತು. ಮರುವರ್ಷ ಅವರು ಬೇರೆ ಮೈಕ್ ಕರೆಸಿದರು. ಆರ್ಥಿಕ ನಷ್ಟ, ಆರ್ಥಿಕ ನಷ್ಟ ಎನ್ನುತ್ತೀರಲ್ಲ, ನನ್ನ 400 ಕ್ಯಾಸೆಟ್ಟುಗಳಿಂದ ನಿಜವಾಗಿ ದುಡ್ಡು ಕಳೆದುಕೊಂಡವನು ಎಂದು ಬೆರಳು ಮಾಡಿ ತೋರಿಸಬಲ್ಲವನು ಅವನೊಬ್ಬನೇ. ನನ್ನ ಚಹಾ ಕುಡಿದು ವಯರ್ ಕೊಟ್ಟವನು. ಮೇಷ್ಟ್ರು ಕೂಟಗಳಿಗೆ ಬರುವುದನ್ನು ಕಡಿಮೆ ಮಾಡಿದರು. ಶಾಲೆಯಲ್ಲಿ ಕೆಲಸ ಜಾಸ್ತಿ ಎನ್ನುತ್ತಿದ್ದರು. ಇದ್ದಿರಲೂಬಹುದು.

ಮಿಕ್ಕ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ನಮ್ಮ ಮಳೆಗೆ ಟೇಪಿಗೆ ಬೂಷ್ಟು ಹಿಡಿಯುತ್ತದೆ, ತಡಮಾಡುವ ಹಾಗಿಲ್ಲ. ಆ ಒಂದನ್ನು ಇಳಿಸಿಲ್ಲ, ಎಸೆದೂ ಇಲ್ಲ. ಅದರ ಮೇಲೆ ಚೀಟಿ ಅಂಟಿಸಿಲ್ಲ.

ಕಳೆದ ವಾರ ಒಬ್ಬರು ಬಂದಿದ್ದರು. ಕದ್ದು ಹಿಡಿದದ್ದಲ್ವಾ ಎಂದು ಕೇಳಿ ಆದ ಮೇಲೆ ಸ್ವಲ್ಪ ಮುಂದೆ ಬಾಗಿ, "ಹಾಲಿನ ಕ್ಯಾಸೆಟ್ ನಿಮ್ಮಲ್ಲಿ ಉಂಟಂತಲ್ಲ?" ಎಂದರು.

ಇಲ್ಲ ಎಂದೆ. ಪೆನ್‌ಡ್ರೈವ್ ಖಾಲಿ ಕಳಿಸುವುದು ಬೇಡವೆಂದು ಬೇರೆ ಮೂರು ಆಟ ತುಂಬಿಸಿ ಕೊಟ್ಟೆ.